ಟೈಪ್‌ರೈಟರ್ ತನಕ ಐದು ರೂಪಾಯಿ

ಹೋದ ಸಂಚಿಕೆಯಲ್ಲಿ ಒಂದು ಅನಿಮೇಷನ್ ಸರಣಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹೆಸರು 'ರೆಸಿಡೆಂಟ್ ಈವಿಲ್: ಇನ್ಫಿನಿಟ್ ಡಾರ್ಕ್‌ನೆಸ್'. ವಿಡಿಯೋ ಗೇಮ್‌ನಿಂದ ಹುಟ್ಟಿದ ಜೋಂಬಿ ಕಥೆ, ಅಂದರೆ ಎದ್ದು ನಡೆದಾಡುವ ಹೆಣಗಳ ಕಥೆ. ಜಾಗ ಉಳಿದಿತ್ತು ಅಂತ ಸುಮ್ನೆ ಬರೆದಿದ್ದು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ! ಹಾಗಾಗಿ ಮೊಬೈಲ್ ಬಿಸಿಯಾಗುತ್ತೆ, ಚಾರ್ಜ್ ನಿಲ್ಲಲ್ಲ ಅನ್ನುವ ಪ್ರಶ್ನೆಗಳೆಲ್ಲ ಮುಂದಿನ ಸಲಕ್ಕೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾನು ಹಾಸನದವನು. ಸಾಲಗಾಮೆ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. 1999ರಿಂದ 2005ರ ತನಕ ಇದೇ ಮಳಿಗೆಯಲ್ಲಿ ವಿಡಿಯೋ ಗೇಮ್ ಪಾರ್ಲರ್ ನಡೆಸುತ್ತಿದ್ದೆ. ಎರಡು ಪ್ಲೇಸ್ಟೇಷನ್, ಎರಡು ಟಿವಿ, ಆರು ಪ್ಲಾಸ್ಟಿಕ್ ಕುರ್ಚಿ. ಗಂಟೆಗೆ 20 ರೂಪಾಯಿ. ಗಿರಾಕಿಗಳು ಇಂಜಿನಿಯರಿಂಗ್ ಓದುವ ಹುಡುಗರು, ಟ್ಯೂಷನ್ ತಪ್ಪಿಸಿ ಬರುವ ಹೈಸ್ಕೂಲ್ ಮಕ್ಕಳು. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಮಾತ್ರ ಬೇರೆ ಊರಿನಿಂದ ಬಂದ ನೆಂಟರ ಮಕ್ಕಳೂ ಸೇರಿ ಕುರ್ಚಿ ಸಾಲುತ್ತಿರಲಿಲ್ಲ.

ಅಣ್ಣಾ, ಆ ಸರಣಿ ನೋಡಿದೆ. ಶ್ವೇತಭವನದೊಳಗೆ ಜೋಂಬಿ ನುಗ್ಗುವ ಸೀನ್ ಸಖತ್ತಾಗಿತ್ತು. ಆಮೇಲೆ ಬರೀ ಮಾತು. ಭಯಾನೇ ಆಗಲಿಲ್ಲ. ನೀವು ನೋಡಿದ್ರೆ ಗೇಮ್ ಆಡುವಾಗ ಅಂಗೈ ಬೆವರುತ್ತಿತ್ತು ಅಂತ ಬರೆದಿದ್ದೀರಿ. ಯಾಕೆ ಹಿಂಗೆ?
*— ಪಿಯುಸಿ ವಿದ್ಯಾರ್ಥಿ, ಬೇಲೂರು*

ತಮ್ಮಾ, ನನಗೂ ಆಗಲಿಲ್ಲ. ಆದರೆ ತಪ್ಪು ಪೂರ್ತಿ ಸರಣಿಯದ್ದಲ್ಲ.

ನೋಡದವರಿಗೂ ಗೊತ್ತಾಗಲಿ ಅಂತ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. 2021ರ ಜುಲೈ 8ಕ್ಕೆ ನೆಟ್‌ಫ್ಲಿಕ್ಸ್‌ಗೆ ಬಂತು. ನಾಲ್ಕೇ ಕಂತು, ಎಲ್ಲಾ ಸೇರಿದರೂ ಎರಡು ಗಂಟೆ ಆಗುವುದಿಲ್ಲ. ನಿರ್ದೇಶಕ ಜಪಾನಿನ ಎಯಿಚಿರೊ ಹಸುಮಿ. ಕಥೆ ನಡೆಯುವುದು 2006ರಲ್ಲಿ. ಶ್ವೇತಭವನದ ಕಂಪ್ಯೂಟರ್‌ಗೆ ಯಾರೋ ಕನ್ನ ಹಾಕಿದ್ದಾರೆ. ವಿಚಾರಿಸಲು ಗೇಮ್‌ನ ಹೀರೋ ಲಿಯಾನ್ ಕೆನಡಿ ಬರುತ್ತಾನೆ. ಕರೆಂಟ್ ಹೋಗುತ್ತೆ, ಕತ್ತಲಲ್ಲಿ ಜೋಂಬಿಗಳು ಬರುತ್ತವೆ. ಇನ್ನೊಂದು ಕಡೆ ಗೇಮ್‌ನ ನಾಯಕಿ ಕ್ಲೇರ್ ರೆಡ್‌ಫೀಲ್ಡ್, ಪೆನಮ್‌ಸ್ತಾನ್ ಅನ್ನುವ ಕಲ್ಪನೆಯ ದೇಶದಲ್ಲಿ ಒಬ್ಬ ಹುಡುಗ ಬಿಡಿಸಿದ ಚಿತ್ರ ನೋಡಿ ಬೆಚ್ಚಿದ್ದಾಳೆ. ಅಲ್ಲಿಂದ ಮುಂದೆ ಸಬ್‌ಮರೀನ್, ಹಳೇ ಯುದ್ಧದ ಗುಟ್ಟು, ಸೈನಿಕರ ಪಾಪ. ಜೋಂಬಿಗಿಂತ ರಾಜಕೀಯ ಜಾಸ್ತಿ. ಸಬ್‌ಮರೀನ್ ಒಳಗಿನ ಇಲಿಗಳ ಸೀನ್ ಒಂದು ಮಾತ್ರ ನನಗೆ ಮೈ ಜುಮ್ಮೆನ್ನಿಸಿತು. ನಮ್ಮ ಅಂಗಡಿ ಅಟ್ಟದಲ್ಲಿ ಇಲಿ ಕಾಟ ಇರುವುದಕ್ಕೂ ಇರಬಹುದು.

ಈಗ ಗೇಮ್ ಕಥೆ ಕೇಳು. 1996ರ ಮಾರ್ಚ್‌ನಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಮೊದಲನೆಯದನ್ನು ಬಿಡುಗಡೆ ಮಾಡಿತು. ನಿರ್ದೇಶಕ ಶಿಂಜಿ ಮಿಕಾಮಿ. ಕಾಡಿನ ನಡುವೆ ಒಂದು ದೊಡ್ಡ ಬಂಗಲೆ, ಒಳಗೆ ಸಿಕ್ಕಿಕೊಂಡ ಪೊಲೀಸರು. ಅಷ್ಟೇ ಕಥೆ. ಆಗಿನ ಪ್ಲೇಸ್ಟೇಷನ್‌ನ ಮುಖ್ಯ ಮೆಮೊರಿ ಬರೀ 2 ಎಂಬಿ. ನಿನ್ನ ಫೋನ್‌ನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ದೊಡ್ಡದಿರುತ್ತೆ. ಅಷ್ಟರಲ್ಲಿ ಇಡೀ ಬಂಗಲೆಯನ್ನು ತಿರುಗಿಸಿ ತೋರಿಸಲು ಆಗುವುದಿಲ್ಲ. ಅದಕ್ಕೆ ಕೋಣೆಗಳನ್ನು ಮೊದಲೇ ಬಿಡಿಸಿದ ಚಿತ್ರಗಳಾಗಿ ಇಟ್ಟರು. ಕ್ಯಾಮೆರಾ ಒಂದು ಮೂಲೆಯಲ್ಲಿ ಮೊಳೆ ಹೊಡೆದ ಹಾಗೆ ನಿಂತಿರುತ್ತೆ, ಅಲ್ಲಾಡುವುದಿಲ್ಲ. ನೀನು ಮೂಲೆ ತಿರುಗುವ ತನಕ ಆ ಕಡೆ ಏನಿದೆ ಅಂತ ಕಾಣುವುದಿಲ್ಲ. ಕೇಳುತ್ತೆ ಮಾತ್ರ. ಕಾಲು ಎಳೆದುಕೊಂಡು ನಡೆಯುವ ಸದ್ದು. ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿ ತೋಟದಲ್ಲಿ ಆನೆ ಕಣ್ಣಿಗೆ ಬೀಳುವ ಮೊದಲು ಕೊಂಬೆ ಮುರಿಯುವ ಸದ್ದು ಕಿವಿಗೆ ಬೀಳುತ್ತೆ. ಕಾಲು ಹೂತುಹೋಗುವುದು ಆ ಗಳಿಗೆಯಲ್ಲೇ.

ಇನ್ನು ಬಾಗಿಲು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಪರದೆ ಪೂರ್ತಿ ಕಪ್ಪಾಗಿ, ಒಂದು ಬಾಗಿಲು ಮಾತ್ರ ಕಾಣುತ್ತೆ. ನಿಧಾನಕ್ಕೆ ಕಿರ್ ಅಂತ ತೆಗೆದುಕೊಳ್ಳುತ್ತೆ. ಸಿಡಿಯಿಂದ ಮುಂದಿನ ಕೋಣೆ ಲೋಡ್ ಆಗಲು ಟೈಮ್ ಬೇಕಲ್ಲ, ಅದನ್ನು ಮುಚ್ಚಿಡಲು ಮಾಡಿದ ಉಪಾಯ ಅದು. ಪಾರ್ಲರ್‌ನಲ್ಲಿ ಆ ಬಾಗಿಲು ಬಂದಾಗಲೆಲ್ಲ ಆರೂ ಕುರ್ಚಿ ಗಪ್‌ಚುಪ್. ಪಕ್ಕದ ಟಿವಿಯಲ್ಲಿ ಕಾರ್ ರೇಸ್ ಆಡುತ್ತಿದ್ದವನೂ ನಿಲ್ಲಿಸಿ ಈ ಕಡೆ ನೋಡುತ್ತಿದ್ದ.

ಇವೆಲ್ಲಕ್ಕಿಂತ ದೊಡ್ಡದು ಲೆಕ್ಕ. ಗುಂಡು ಕಡಿಮೆ. ಗಾಯಕ್ಕೆ ಹಚ್ಚುವ ಹಸಿರು ಗಿಡ ಕಡಿಮೆ. ಆ ಪೊಲೀಸರಲ್ಲಿ ಕ್ರಿಸ್ ಆಗಿ ಆಡಿದರೆ ಆರೇ ಸಾಮಾನು ಇಟ್ಟುಕೊಳ್ಳಬಹುದು, ಜಿಲ್ ಆಗಿ ಆಡಿದರೆ ಎಂಟು. ಒಂದು ಜೋಂಬಿಗೆ ಐದಾರು ಗುಂಡು ಹೊಡೆದರೆ ಮುಂದಿನದಕ್ಕೆ ಏನು ಗತಿ? ಪಕ್ಕಕ್ಕೆ ಸರಿದು ಓಡಿದರೆ ಆಗುತ್ತಾ? ಕೊನೆಗೆ ಆಡಿದಷ್ಟನ್ನು ಸೇವ್ ಮಾಡೋಣ ಅಂದರೆ ಅದಕ್ಕೂ ಲೆಕ್ಕ. ಕೆಲವೇ ಕೋಣೆಗಳಲ್ಲಿ ಒಂದು ಹಳೇ ಟೈಪ್‌ರೈಟರ್ ಇರುತ್ತೆ. ಅದಕ್ಕೆ ಇಂಕ್ ರಿಬ್ಬನ್ ಬೇಕು. ಒಂದು ಸಲ ಸೇವ್ ಮಾಡಿದರೆ ಒಂದು ರಿಬ್ಬನ್ ಖರ್ಚು.

ನನ್ನ ಪಾರ್ಲರ್‌ನಲ್ಲಿ ಇದರ ಮೇಲೆ ಇನ್ನೊಂದು ಲೆಕ್ಕ ಕೂತಿತ್ತು, ಗೋಡೆ ಗಡಿಯಾರದ್ದು. ಗಂಟೆ ಮುಗಿಯಿತು ಅಂದಾಗ ಹುಡುಗ ಟೈಪ್‌ರೈಟರ್‌ನಿಂದ ನಾಲ್ಕು ಕೋಣೆ ಆಚೆ ಇರುತ್ತಿದ್ದ. ಎದ್ದರೆ ಒಂದು ಗಂಟೆ ಆಡಿದ್ದೆಲ್ಲ ನೀರಲ್ಲಿ ಹೋಮ. 'ಅಣ್ಣಾ ಪ್ಲೀಸ್, ಟೈಪ್‌ರೈಟರ್ ತನಕ' ಅಂತ ಅಂಗಲಾಚುತ್ತಿದ್ದರು. ಮೊದಮೊದಲು ಬಿಡುತ್ತಿದ್ದೆ. ಆಮೇಲೆ ಹಿಂದೆ ಕಾಯುತ್ತಿದ್ದವರು ಜಗಳಕ್ಕೆ ಬರಲು ಶುರುವಾದ ಮೇಲೆ ಒಂದು ರಟ್ಟಿನ ಮೇಲೆ ಸ್ಕೆಚ್ ಪೆನ್‌ನಲ್ಲಿ ಬರೆದು ನೇತುಹಾಕಿದೆ: ಟೈಪ್‌ರೈಟರ್ ತನಕ 5 ರೂ. ಬಸ್ಸಿಗೆ ಇಟ್ಟುಕೊಂಡ ಐದು ರೂಪಾಯಿ ನನಗೆ ಕೊಟ್ಟು ನಡೆದುಕೊಂಡು ಮನೆಗೆ ಹೋದವರು ಇದ್ದಾರೆ. ನಾನೇನು ಪುಣ್ಯಾತ್ಮ ಅಲ್ಲ, ತೆಗೆದುಕೊಂಡಿದ್ದೇನೆ.

ಮಳೆಗಾಲದ ಕರೆಂಟ್ ಬೇರೆ. ಜುಲೈ ತಿಂಗಳು, ಹೊರಗೆ ಜಡಿಮಳೆ. ಹುಡುಗ ಉಸಿರು ಬಿಗಿಹಿಡಿದು ಟೈಪ್‌ರೈಟರ್ ಕೋಣೆಯ ಬಾಗಿಲು ತಟ್ಟಿದ್ದಾನೆ. ಬಾಗಿಲು ಅರ್ಧ ತೆರೆದಿದೆ. ಟಕ್. ಟಿವಿ ನಡುವೆ ಒಂದು ಬಿಳಿ ಚುಕ್ಕಿ ಉಳಿದು ಅದೂ ಆರಿಹೋಗುತ್ತೆ. ಯುಪಿಎಸ್ ಹಾಕಿಸುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಕತ್ತಲಲ್ಲಿ ಆ ಹುಡುಗ ಬಾಯಿಗೆ ಬಂದಿದ್ದು ಅಂದದ್ದನ್ನು ಈ ಪತ್ರಿಕೆಯಲ್ಲಿ ಬರೆಯುವಂತಿಲ್ಲ.

ಈಗ ನಿನ್ನ ಸರಣಿ ನೋಡು. ಲಿಯಾನ್ ಹತ್ತಿರ ಎಷ್ಟು ಗುಂಡು ಉಳಿದಿದೆ? ನಿನಗೆ ಗೊತ್ತಿಲ್ಲ. ಗೊತ್ತಾಗಿಯೂ ಏನೂ ಆಗಬೇಕಾಗಿಲ್ಲ. ಎಣಿಸುವ ಕೆಲಸ ಅವನದ್ದು, ನೀನು ಚುರುಮುರಿ ತಿನ್ನುತ್ತಾ ಕೂತಿದ್ದೀಯ. ಅವನು ಸಾಯಲ್ಲ ಅಂತಲೂ ಗೊತ್ತು, ಯಾಕಂದರೆ ಕಥೆಯ ಪ್ರಕಾರ ಮುಂದಿನ ವರ್ಷಗಳ ಗೇಮ್‌ನಲ್ಲಿ ಅವನೇ ಇದ್ದಾನೆ. ಗೇಮ್‌ನಲ್ಲಾದರೆ ಅವನು ನಿನ್ನ ಕೈಯಲ್ಲೇ ಸಾಯುತ್ತಿದ್ದ, ದಿನಕ್ಕೆ ಹತ್ತು ಸಲ. ಅದಕ್ಕೇ ಸರಣಿ ಮಾಡಿದವರು ಭಯದ ಹಿಂದೆ ಹೋಗದೆ ಗುಟ್ಟಿನ ಹಿಂದೆ ಹೋದರು ಅಂತ ನನ್ನ ಅಂದಾಜು. ಲೆಕ್ಕ ಹೋದ ಮೇಲೆ ಉಳಿಯುವುದು ಕಥೆ ತಾನೇ. ಆದರೆ ನಾಲ್ಕು ಕಂತಿಗೆ ಹಿಡಿಸದಷ್ಟು ಕಥೆ ತುಂಬಿದರು, ಅದು ಅವರ ತಪ್ಪು.

ನಿನ್ನ ಹತ್ತಿರ ಒಳ್ಳೆ ಕಂಪ್ಯೂಟರ್ ಇದ್ದರೆ 2019ರಲ್ಲಿ ಹೊಸದಾಗಿ ಮಾಡಿದ ಎರಡನೇ ಗೇಮ್ ಆಡಿ ನೋಡು. ಪರೀಕ್ಷೆ ಮುಗಿದ ಮೇಲೆ.

ಸರ್, ನನ್ನ ಮಗನಿಗೆ ಒಂಬತ್ತು ವರ್ಷ. ಬೊಂಬೆ ಸಿನಿಮಾ ತಾನೇ ಅಂತ ಬಿಟ್ಟೆ. ಇದೇ ಸರಣಿ ನೋಡಿಬಿಟ್ಟಿದ್ದಾನೆ. ಈಗ ರಾತ್ರಿ ಬಚ್ಚಲಿಗೆ ಒಬ್ಬನೇ ಹೋಗಲ್ಲ. ಏನು ಮಾಡಲಿ?
*— ಒಬ್ಬ ತಾಯಿ, ಅರಸೀಕೆರೆ*

ಅಕ್ಕಾ, ಬೊಂಬೆ ಅಂದ ಮಾತ್ರಕ್ಕೆ ಮಕ್ಕಳದ್ದು ಅಂತಲ್ಲ. ಇದು ದೊಡ್ಡವರಿಗಾಗಿ ಮಾಡಿದ್ದು. ರಕ್ತ, ಯುದ್ಧ, ಸುಡುವುದು ಎಲ್ಲಾ ಇದೆ. ಕಂತು ಶುರುವಾದಾಗ ಮೂಲೆಯಲ್ಲಿ ವಯಸ್ಸಿನ ಗುರುತು ಬರುತ್ತೆ. 2021ರ ನಿಯಮದ ಪ್ರಕಾರ ನಮ್ಮ ದೇಶದಲ್ಲಿ ಇಂಥ ಆ್ಯಪ್‌ಗಳು ಯು, ಯು/ಎ 7+, 13+, 16+, ಎ ಅಂತ ತೋರಿಸಲೇಬೇಕು. ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮಗನಿಗೆ ಬೇರೆ ಪ್ರೊಫೈಲ್ ಮಾಡಿ, ವಯಸ್ಸಿನ ಮಿತಿ ಹಾಕಿ. ನಿಮ್ಮ ಪ್ರೊಫೈಲ್‌ಗೆ ಪಿನ್ ಹಾಕಿ. ಬೇಕಾದರೆ ಈ ಒಂದು ಸರಣಿಯನ್ನೇ ಹೆಸರು ಹಿಡಿದು ಬಂದ್ ಮಾಡಬಹುದು. ಪಿನ್ 1234 ಬೇಡ. ಒಂಬತ್ತು ವರ್ಷದ ಮಕ್ಕಳು ಮೊದಲು ಒತ್ತುವುದೇ ಅದನ್ನು, ನನ್ನ ಅಂಗಡಿಗೆ ಬರುವ ಫೋನ್‌ಗಳನ್ನು ನೋಡಿ ಹೇಳುತ್ತಿದ್ದೇನೆ.

ಬಚ್ಚಲಿನ ವಿಷಯಕ್ಕೆ ಬೈಯಬೇಡಿ. ಹೆದರುಪುಕ್ಕ ಅಂತ ನೆಂಟರ ಮುಂದೆ ಹೇಳಲೇಬೇಡಿ. ಒಂದು ವಾರ ಜೊತೆಗೆ ಹೋಗಿ ಬಾಗಿಲ ಹೊರಗೆ ನಿಂತುಕೊಳ್ಳಿ. ಹಗಲು ಹೊತ್ತಿನಲ್ಲಿ, ಊಟ ಆದ ಮೇಲೆ, ಆ ಜೋಂಬಿಯನ್ನು ಕಂಪ್ಯೂಟರ್‌ನಲ್ಲಿ ಹೇಗೆ ಮಾಡುತ್ತಾರೆ ಅಂತ ತೋರಿಸುವ ವಿಡಿಯೋ ಹುಡುಕಿ ಇಬ್ಬರೂ ಕೂತು ನೋಡಿ. ಮೈಗೆಲ್ಲ ಚುಕ್ಕಿ ಅಂಟಿಸಿಕೊಂಡ ಒಬ್ಬ ಮನುಷ್ಯ ಖಾಲಿ ಹಾಲ್‌ನಲ್ಲಿ ಕುಂಟುತ್ತಾ ನಡೆಯುವುದು ನೋಡಿದರೆ ಅವನಿಗೆ ನಗು ಬರಬಹುದು. ತಿಂಗಳಾದರೂ ನಿದ್ದೆ ಕೆಡುತ್ತಿದ್ದರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸಿ.

ಅದೇ ಗೇಮ್‌ಗೆ ಕೆಲವರು ಬಯೋಹಜಾರ್ಡ್ ಅಂತಾರಲ್ಲ, ಯಾಕೆ?
*— ಚಿಕ್ಕಮಗಳೂರು*

ಜಪಾನಿನಲ್ಲಿ ಈಗಲೂ ಅದೇ ಹೆಸರು. ಅಮೆರಿಕಕ್ಕೆ ಕಳಿಸುವಾಗ ಆ ಹೆಸರನ್ನು ನೋಂದಾಯಿಸಿಕೊಳ್ಳುವುದು ಕಷ್ಟ ಅಂತ ಗೊತ್ತಾಯಿತು. ನ್ಯೂಯಾರ್ಕ್‌ನ ಒಂದು ಬ್ಯಾಂಡ್‌ಗೂ ಅದೇ ಹೆಸರಿತ್ತು. ಕಂಪನಿಯವರು ತಮ್ಮೊಳಗೇ ಹೆಸರಿನ ಸ್ಪರ್ಧೆ ಇಟ್ಟು ರೆಸಿಡೆಂಟ್ ಈವಿಲ್ ಅಂತ ಆರಿಸಿದರು. ಬಂಗಲೆಯಲ್ಲಿ ಮನೆ ಮಾಡಿಕೊಂಡಿರುವ ಕೆಟ್ಟದ್ದು ಅಂತ ಅರ್ಥ. ಮೊದಲ ಗೇಮ್‌ಗೆ ಸರಿಹೋಗುತ್ತೆ. ಆಮೇಲೆ ಕಥೆ ಬಂಗಲೆ ಬಿಟ್ಟು ಊರು, ಹಡಗು, ದೇಶ ಎಲ್ಲಾ ಸುತ್ತಿತು, ಹೆಸರು ಮಾತ್ರ ಬಂಗಲೆಯಲ್ಲೇ ಉಳಿಯಿತು.

ನಾನು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೊಮ್ಮಗನ ಜೊತೆ ಒಂದು ಕಂತು ನೋಡಿದೆ. ಕೂದಲು, ಬಟ್ಟೆ, ಮಳೆ ಎಲ್ಲಾ ನಿಜದ ಹಾಗೇ ಇದೆ. ಆದರೆ ಮುಖ ನೋಡಿದರೆ ಒಂಥರಾ ಮುಜುಗರ. ಜೋಂಬಿಗಳಿಗಿಂತ ಮನುಷ್ಯರ ಮುಖವೇ ಹೆದರಿಸುತ್ತೆ. ಇದು ನನ್ನ ವಯಸ್ಸಿನ ದೋಷವೋ?
*— ಸಕಲೇಶಪುರ*

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಯಸ್ಸಿನ ದೋಷ ಖಂಡಿತ ಅಲ್ಲ. ಚಿತ್ರ ಬಿಡಿಸಿದ ಕಣ್ಣು ಹಿಡಿದಿರುವುದು ಸರಿಯಾಗೇ ಇದೆ.

ಜಪಾನಿನಲ್ಲಿ ಮಸಾಹಿರೊ ಮೋರಿ ಅಂತ ರೋಬಾಟ್ ವಿಜ್ಞಾನದ ಒಬ್ಬ ಪ್ರೊಫೆಸರ್ 1970ರಲ್ಲಿ ಇದರ ಮೇಲೆ ಒಂದು ಸಣ್ಣ ಲೇಖನ ಬರೆದರು. ಬೊಂಬೆ ಮನುಷ್ಯನ ಹಾಗೆ ಕಾಣುತ್ತಾ ಹೋದಂತೆ ನಮಗೆ ಅದರ ಮೇಲೆ ಅಕ್ಕರೆ ಜಾಸ್ತಿಯಾಗುತ್ತಾ ಹೋಗುತ್ತೆ. ಆದರೆ ಇನ್ನೇನು ಥೇಟ್ ಮನುಷ್ಯನೇ ಅನ್ನುವಷ್ಟರಲ್ಲಿ ಧಡಕ್ಕನೆ ಅಕ್ಕರೆ ಇಳಿದು ಅಸಹ್ಯ ಹುಟ್ಟುತ್ತೆ. ಗ್ರಾಫ್‌ನಲ್ಲಿ ಗೆರೆ ಬೆಟ್ಟ ಹತ್ತಿ ಕಣಿವೆಗೆ ಬಿದ್ದ ಹಾಗೆ. ಅವರು ಕೊಟ್ಟ ಉದಾಹರಣೆ ಕೃತಕ ಕೈ. ನೋಡಲು ನಿಜವಾದ ಕೈ, ಬೆರಳು, ಉಗುರು ಎಲ್ಲಾ ಸರಿ. ಕೈ ಕುಲುಕಿದಾಗ ತಣ್ಣಗೆ, ಮೂಳೆ ಇಲ್ಲದ ಹಾಗೆ ಹತ್ತಿದರೆ ಬೆಚ್ಚಿಬೀಳುತ್ತೇವೆ. ಸ್ವಾರಸ್ಯ ಏನು ಗೊತ್ತಾ? ಆ ಕಣಿವೆಯ ತೀರಾ ತಳದಲ್ಲಿ ಮೋರಿ ಗುರುತು ಮಾಡಿಟ್ಟಿದ್ದು ನಡೆದಾಡುವ ಹೆಣವನ್ನು. ಅಂದರೆ ಜೋಂಬಿಯನ್ನು! ತಮ್ಮ ನಾಡಿನ ಬುನ್ರಾಕು ಬೊಂಬೆಯಾಟದ ಬೊಂಬೆಯನ್ನು ಕಣಿವೆ ದಾಟಿದ ಆಚೆ ದಿಣ್ಣೆಯ ಮೇಲೆ ಇಟ್ಟಿದ್ದರು. ಕಟ್ಟಿಗೆಯ ಮುಖ, ಆಡಿಸುವವರೂ ಕಾಣುತ್ತಾರೆ, ಆದರೂ ಅದರ ಜೊತೆ ಅಳುತ್ತೇವೆ. ನಮ್ಮ ಸೂತ್ರದ ಬೊಂಬೆಯೂ ಹಾಗೇ ಅಲ್ವಾ. ದಾರ ಕಾಣುತ್ತಿದ್ದರೂ ದ್ರೌಪದಿ ಅತ್ತರೆ ಹಿಂದಿನ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಗುತ್ತೆ.

ಈ ಸರಣಿಯ ಕಷ್ಟ ಇಷ್ಟೇ. ಜೋಂಬಿಗಳು ಕಣಿವೆಯಲ್ಲಿ ಇರಬೇಕಾದವು, ಅಲ್ಲೇ ಇವೆ, ಚೆನ್ನಾಗಿವೆ. ಮನುಷ್ಯರೂ ಜಾರಿ ಅದೇ ಕಣಿವೆಗೆ ಬಿದ್ದಿದ್ದಾರೆ. ಲಿಯಾನ್ ಮಾತಾಡುವಾಗ ತುಟಿ ಆಡುತ್ತೆ, ಕೆನ್ನೆ ಆಡಲ್ಲ. ಕೆಳಗಿನ ರೆಪ್ಪೆ ಅಂತೂ ಕಲ್ಲು. ನಿಜವಾಗಿ ನಗು ಬಂದಾಗ ಅದೂ ಆಡುತ್ತೆ ಅಂತ ನೀವೇ ಮಕ್ಕಳಿಗೆ ಹೇಳಿಕೊಟ್ಟಿರುತ್ತೀರಿ. ಇನ್ನೊಂದು ಸಲ ನೋಡುವಾಗ ಬರೀ ಕಣ್ಣಿನ ಕೆಳಗಡೆ ನೋಡಿ, ಮೊಮ್ಮಗನಿಗೂ ತೋರಿಸಿ.

ಜೋಂಬಿ ಅಂದರೇನು ಅಂತ ನಮ್ಮಜ್ಜಿ ಕೇಳ್ತಾರೆ. ದೆವ್ವ ಅಂದೆ, ಒಪ್ಪಲಿಲ್ಲ. ಕನ್ನಡದಲ್ಲಿ ಏನು ಹೇಳಲಿ?
*— ಕಡೂರು*

ಅಜ್ಜಿ ಒಪ್ಪದೇ ಇದ್ದದ್ದು ಸರಿ. ದೆವ್ವಕ್ಕೆ ಮೈ ಇಲ್ಲ, ಜೋಂಬಿಗೆ ಮೈ ಬಿಟ್ಟು ಇನ್ನೇನೂ ಇಲ್ಲ. ಬೇತಾಳ ಹತ್ತಿರದ ನೆಂಟ, ಹೆಣದೊಳಗೆ ಸೇರಿಕೊಳ್ಳುತ್ತೆ. ಆದರೆ ಬೇತಾಳ ಬುದ್ಧಿವಂತ. ವಿಕ್ರಮನ ಹೆಗಲ ಮೇಲೆ ಕೂತು ಕಥೆ ಹೇಳಿ, ಪ್ರಶ್ನೆ ಕೇಳಿ, ಉತ್ತರ ಬಂದ ತಕ್ಷಣ ಮರಕ್ಕೆ ಹಾರುತ್ತೆ. ಜೋಂಬಿ ಕೇಳುವ ಪ್ರಶ್ನೆ ಯಾವುದೂ ಇಲ್ಲ. ನಾವು ಚಿಕ್ಕವರಿದ್ದಾಗ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದೆವು. ದೆವ್ವ ಓದಿಕೊಂಡು ವಾಪಸ್ ಹೋಗುತ್ತಿತ್ತು. ಅಕ್ಷರ ಬಲ್ಲ, ಮಾತಿಗೆ ಬೆಲೆ ಕೊಡುವ ದೆವ್ವ. ಜೋಂಬಿಗೆ ಬೋರ್ಡ್ ಹಾಕಿ ಪ್ರಯೋಜನ ಇಲ್ಲ.

ಮೊದಲ ಗೇಮ್‌ನಲ್ಲೇ ಒಂದು ಡೈರಿ ಸಿಗುತ್ತೆ. ಬಂಗಲೆಯಲ್ಲಿ ಪ್ರಾಣಿ ನೋಡಿಕೊಳ್ಳುತ್ತಿದ್ದವನದ್ದು. ಮೊದಲ ಪುಟಗಳಲ್ಲಿ ಇಸ್ಪೀಟಿನಲ್ಲಿ ಸೋತ ಬೇಜಾರು, ಎಲ್ಲಾ ಮಾಮೂಲಿ ಮಾತು. ಆಮೇಲೆ ಮೈ ತುರಿಕೆ ಶುರು. ದಿನ ಕಳೆದಂತೆ ವಾಕ್ಯ ಗಿಡ್ಡವಾಗುತ್ತಾ ಬರುತ್ತೆ, ಕೊನೆಯ ಪುಟದಲ್ಲಿ ಎರಡೇ ಪದ. ಒಂದು ತುರಿಕೆಯದ್ದು, ಇನ್ನೊಂದು ರುಚಿಯದ್ದು. ಮನುಷ್ಯನಿಂದ ಮಾತು ಸೋರಿ ಹೋಗುವುದನ್ನು ಅಷ್ಟು ಚೆನ್ನಾಗಿ ತೋರಿಸಿದ ಸೀನ್ ಇಡೀ ಸರಣಿಯಲ್ಲಿ ಒಂದೂ ಇಲ್ಲ.

ಪದ ಬಂದದ್ದು ಹೈಟಿ ದೇಶದಿಂದ. ಫ್ರೆಂಚರ ಕಾಲದಲ್ಲಿ ಅಲ್ಲಿ ಕಬ್ಬು ಮತ್ತು ಕಾಫಿ ತೋಟಗಳು, ದುಡಿಯಲು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಸತ್ತ ಮೇಲೂ ಯಾರೋ ಮಂತ್ರ ಹಾಕಿ ಎಬ್ಬಿಸಿ ದುಡಿಸುತ್ತಾರೆ ಅನ್ನುವ ಭಯ ಅವರ ಕಥೆಗಳಲ್ಲಿತ್ತು. ಆಗ ಜೋಂಬಿ ಯಾರನ್ನೂ ತಿನ್ನುತ್ತಿರಲಿಲ್ಲ. ತಿನ್ನುವ ಜೋಂಬಿ ಬಂದದ್ದು 1968ರಲ್ಲಿ, ಜಾರ್ಜ್ ರೊಮೆರೊ ಅನ್ನುವ ಅಮೆರಿಕನ್ ನಿರ್ದೇಶಕನ ಸಿನಿಮಾದಿಂದ. ಅದೇ ರೊಮೆರೊ 1998ರಲ್ಲಿ ಈ ಎರಡನೇ ಗೇಮ್‌ಗೆ ಜಪಾನಿನಲ್ಲಿ ಟಿವಿ ಜಾಹೀರಾತು ಮಾಡಿಕೊಟ್ಟ.

ನಮ್ಮಜ್ಜಿ ಸಕಲೇಶಪುರ ಕಡೆ ಎಸ್ಟೇಟ್ ಲೈನ್‌ನಲ್ಲಿದ್ದು ಮೂವತ್ತು ವರ್ಷ ಕಾಫಿ ಹಣ್ಣು ಕುಯ್ದವರು. ಹೈಟಿಯ ಈ ಕಥೆ ಹೇಳಿದಾಗ ಎಲೆ ಅಡಿಕೆ ಮೆಲ್ಲುವುದು ನಿಲ್ಲಿಸಿ ಕೇಳಿದ್ದು ಒಂದೇ ಮಾತು: 'ಸತ್ತ ಮೇಲೆ ಮಾಡಿದ್ದಕ್ಕೆ ಕೂಲಿ ಕೊಡ್ತಿದ್ರಾ?' ನಿಮ್ಮಜ್ಜಿಗೂ ಅಲ್ಲಿಂದಲೇ ಶುರು ಮಾಡಿ ಹೇಳಿ.

ಅಂಥ ವೈರಸ್ ನಿಜವಾಗಿ ಬರೋಕೆ ಸಾಧ್ಯವಾ? ನಮ್ಮ ಕಡೆ ಮಂಗನ ಕಾಯಿಲೆ ಇರುವುದರಿಂದ ಮಕ್ಕಳು ಏನೇನೋ ಸೇರಿಸಿ ಮಾತಾಡ್ತಾರೆ.
*— ಕೊಪ್ಪ*

ಸತ್ತವರನ್ನು ಎಬ್ಬಿಸುವ ವೈರಸ್ ಇಲ್ಲ. ಗೇಮ್‌ನಲ್ಲಿ ಅಂಬ್ರೆಲ್ಲಾ ಅನ್ನುವ ಔಷಧಿ ಕಂಪನಿ ಯುದ್ಧದ ಆಯುಧಕ್ಕೆ ಅಂತ ಟಿ-ವೈರಸ್ ತಯಾರಿಸುತ್ತೆ, ಅದು ಬರೀ ಕಥೆ. ಮಂಗನ ಕಾಯಿಲೆ ಮಾತ್ರ ಕಥೆ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು, ಕಾಡಿನ ಹೆಸರೇ ಕಾಯಿಲೆಗೂ ಬಂತು. ಹರಡುವುದು ಉಣ್ಣಿ ಹುಳ ಕಚ್ಚುವುದರಿಂದ, ಮನುಷ್ಯರಿಂದ ಮನುಷ್ಯರಿಗಲ್ಲ. ಮಳೆಗಾಲ ಮುಗಿದ ಮೇಲೆ ಬೇಸಿಗೆ ತನಕ ಜೋರು. ಮಕ್ಕಳಿಗೆ ಹೇಳಬೇಕಾದ್ದು ಇಷ್ಟು: ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಕಾಡಿಗೆ, ದರಗಿಗೆ (ಒಣಗಿದ ಎಲೆ ತರಲು) ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ.

ಕಚ್ಚಿದರೆ ಹರಡುವ ಕಾಯಿಲೆ ಬೇಕು ಅಂದರೆ ಹುಚ್ಚುನಾಯಿ ರೋಗ ಇದೆ. ಜೋಂಬಿ ಕಥೆಗಿಂತ ಭಯಂಕರ ಅದು. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬಹುದು. ನಾಯಿ ಕಚ್ಚಿದ ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ.

ಇದೇ ಥರದ ಬೇರೆ ಅನಿಮೇಷನ್ ಇದೆಯಾ? ಯಾವ ಕ್ರಮದಲ್ಲಿ ನೋಡಲಿ?
*— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ*

ಅನಿಮೇಷನ್ ಸಿನಿಮಾ ನಾಲ್ಕು ಇವೆ. 'ಡಿಜೆನರೇಷನ್' 2008ರದ್ದು, 'ಡ್ಯಾಮ್ನೇಷನ್' 2012, 'ವೆಂಡೆಟ್ಟಾ' 2017, 'ಡೆತ್ ಐಲ್ಯಾಂಡ್' 2023. ಬಂದ ಕ್ರಮದಲ್ಲೇ ನೋಡಮ್ಮಾ, ತಲೆಬಿಸಿ ಇಲ್ಲ. ಕಥೆಯ ಕ್ರಮದಲ್ಲೇ ಬೇಕು ಅಂದರೆ ಸರಣಿಯನ್ನು ಮೊದಲ ಸಿನಿಮಾ ಆದ ಮೇಲೆ ಸೇರಿಸಿಕೋ. ಒಂದೇ ನೋಡಲು ಟೈಮ್ ಇದ್ದರೆ 'ಡ್ಯಾಮ್ನೇಷನ್' ನೋಡು. ನನ್ನ ಲೆಕ್ಕದಲ್ಲಿ ಐದರಲ್ಲಿ ಅದೇ ಗಟ್ಟಿ. ಇದೇ ಹೆಸರಿನಲ್ಲಿ ನಟರನ್ನು ಹಾಕಿ ಮಾಡಿದ ಎಂಟು ಕಂತಿನ ಸರಣಿಯೂ 2022ರಲ್ಲಿ ಬಂದಿತ್ತು. ಒಂದೇ ಸೀಸನ್‌ಗೆ ನಿಂತುಹೋಯಿತು. ನಿಂತದ್ದಕ್ಕೆ ನನಗೇನೂ ಬೇಜಾರಿಲ್ಲ.

ಸಾರ್, ನಿಮ್ಮ ಅಂಕಣದ ಫೋಟೋದಲ್ಲಿ ಹಿಂದಿನ ಗೋಡೆ ನೋಡಿ ಗುರುತು ಹಿಡಿದೆ. 2001ರಲ್ಲಿ ನಾನು ಒಂಬತ್ತನೇ ಕ್ಲಾಸು. ನಿಮ್ಮ ಪಾರ್ಲರ್‌ನಲ್ಲಿ ಎರಡನೇ ಗೇಮ್, ಕ್ಲೇರ್ ಡಿಸ್ಕ್, ನೆಲದಡಿಯ ಲ್ಯಾಬ್ ತನಕ ಬಂದಿದ್ದೆ. ಹನ್ನೊಂದು ಶನಿವಾರ ಆಡಿದ್ದೆ. ಹನ್ನೆರಡನೇ ಶನಿವಾರ ಬಂದರೆ ಸೇವ್ ಇಲ್ಲ! ಯಾರೋ ಅದರ ಮೇಲೆ ಸೇವ್ ಮಾಡಿದ್ದರು. ನೀವು 'ಆ ಲಿಯಾನ್ ಡಿಸ್ಕ್ ಹುಡುಗನೇ ಮಾಡಿರಬೇಕು' ಅಂದಿರಿ. ಅವನ ಜೊತೆ ಮಾತು ಬಿಟ್ಟಿದ್ದೆ. ಈಗ ಅವನೂ ನಾನೂ ಒಂದೇ ಆಫೀಸು. ನಾನಲ್ಲ ಅಂತ ಈಗಲೂ ಆಣೆ ಇಡುತ್ತಾನೆ. ನಿಜ ಹೇಳಿ, ಯಾರು?
*— ಬೆಂಗಳೂರು*

ನೆನಪಿದೆ. ನೀಲಿ ಅಟ್ಲಾಸ್ ಸೈಕಲ್, ಬೆಲ್ ಇರಲಿಲ್ಲ.

ಮೊದಲು ಉಳಿದವರಿಗೆ ಒಂದು ಮಾತು. ಎರಡನೇ ಗೇಮ್ ಎರಡು ಡಿಸ್ಕ್‌ನಲ್ಲಿತ್ತು, ಒಂದರಲ್ಲಿ ಲಿಯಾನ್ ಆಗಿ, ಇನ್ನೊಂದರಲ್ಲಿ ಕ್ಲೇರ್ ಆಗಿ ಆಡುವುದು. ಆಗ ಸೇವ್ ಎಲ್ಲಾ ಹೋಗಿ ಕೂರುತ್ತಿದ್ದುದು ಬೆಂಕಿಪೊಟ್ಟಣದಷ್ಟು ದೊಡ್ಡ ಮೆಮೊರಿ ಕಾರ್ಡ್‌ನಲ್ಲಿ. ಅದರಲ್ಲಿ 15 ಬ್ಲಾಕ್, ಅಂದರೆ ಖಾನೆ. ನನ್ನ ಹತ್ತಿರ ಇದ್ದದ್ದು ಎರಡು ಕಾರ್ಡ್. ಅದರಲ್ಲಿ ಒಂದು ಬೆಂಗಳೂರಿನ ಅಂಗಡಿಯವನು ಹೊಸದು ಅಂತ ಕೊಟ್ಟ ಹಳೇದು, ಎರಡು ತಿಂಗಳಿಗೆ ಕೈಕೊಟ್ಟಿತು. ಉಳಿದ ಒಂದರಲ್ಲೇ ಅರ್ಧ ಹಾಸನದ ಹುಡುಗರ ಫುಟ್‌ಬಾಲ್, ರೇಸ್, ಕುಸ್ತಿ, ಜೋಂಬಿ ಎಲ್ಲಾ ಇರಬೇಕು. ನಾನು ಲೆಡ್ಜರ್ ಪುಸ್ತಕದಲ್ಲಿ ಯಾರ ಸೇವ್ ಎಲ್ಲಿದೆ ಅಂತ ಬರೆದಿಟ್ಟುಕೊಳ್ಳುತ್ತಿದ್ದೆ.

ಈಗ ನಿಮ್ಮ ಪ್ರಶ್ನೆ. ರಾತ್ರಿ ಒಂಬತ್ತಕ್ಕೆ ಶಟರ್ ಎಳೆದು, ಒಳಗಿನಿಂದ ಚಿಲಕ ಹಾಕಿಕೊಂಡು ನಾನೂ ಆಡುತ್ತಿದ್ದೆ. ಮನೆಯಲ್ಲಿ ಲೆಕ್ಕ ಬರೆಯುತ್ತಿದ್ದೆ ಅಂತ ಹೇಳುತ್ತಿದ್ದೆ. ನಾನೂ ಕ್ಲೇರ್ ಡಿಸ್ಕೇ ಹಿಡಿದಿದ್ದೆ. ಆ ಶುಕ್ರವಾರ ರಾತ್ರಿ ಪೊಲೀಸ್ ಸ್ಟೇಷನ್ ಕೆಳಗಿನ ಒಳಚರಂಡಿ ದಾಟಿ ಟೈಪ್‌ರೈಟರ್ ತನಕ ಬಂದಾಗ ಹೊರಗೆ ಗುಡುಗು. ಕರೆಂಟ್ ಯಾವಾಗ ಬೇಕಾದರೂ ಹೋಗಬಹುದು. ಕೈಯಲ್ಲಿ ಒಂದೇ ರಿಬ್ಬನ್. ಕಾರ್ಡ್ ಭರ್ತಿ. ಲೆಡ್ಜರ್ ಟೇಬಲ್ ಮೇಲೇ ಇತ್ತು, ತೆರೆದು ನೋಡುವಷ್ಟು ವ್ಯವಧಾನ ಇರಲಿಲ್ಲ. ಪಟ್ಟಿಯಲ್ಲಿ ಕೈಗೆ ಸಿಕ್ಕಿದ ಒಂದರ ಮೇಲೆ ಒತ್ತಿಬಿಟ್ಟೆ. ಟಕಟಕ ಅಂತ ಟೈಪ್ ಸದ್ದು ಬಂದ ಮೇಲೆ ಲೆಡ್ಜರ್ ತೆಗೆದೆ. ಅಲ್ಲಿ ನಿಮ್ಮ ಹೆಸರಿತ್ತು.

ಬೆಳಿಗ್ಗೆ ನೀವು ಬರುವ ತನಕ ಏನು ಹೇಳುವುದು ಅಂತ ಯೋಚಿಸುತ್ತಾ ಕೂತಿದ್ದೆ. ನಿಮ್ಮ ಮುಖ ನೋಡಿದ ಮೇಲೆ ಬಾಯಿಗೆ ಬಂದದ್ದು ಆ ಹುಡುಗನ ಹೆಸರು. ಅವನು ಆ ದಿನ ಬಂದಿರಲಿಲ್ಲ, ಎದುರು ಮಾತಾಡುವವರು ಯಾರೂ ಇರಲಿಲ್ಲ. ಈ ಪುಟವನ್ನು ಅವರಿಗೆ ತೋರಿಸಿ.

ಕಾರ್ಡ್ ಇನ್ನೂ ನನ್ನ ಡ್ರಾಯರ್‌ನಲ್ಲಿದೆ, ಒಂದು ಪ್ಲೇಸ್ಟೇಷನ್ನೂ ಓಡುತ್ತೆ. ದೀಪಾವಳಿಗೆ ಊರಿಗೆ ಬಂದಾಗ ಇಬ್ಬರೂ ಬನ್ನಿ. ಶುರುವಿನಿಂದಲೇ ಆಡಬೇಕಾಗುತ್ತೆ. ಈಗ ಯುಪಿಎಸ್ ಹಾಕಿಸಿದ್ದೇನೆ.